ರಜೆಗೆ ಊರಿಗೆ ಬಂದು ಹಲ್ಲು ಮಾಡಿಸಿಕೊಳ್ಳುವವರಿಗೆ: ಟಿಕೆಟ್‌ಗಿಂತ ಮೊದಲು ಎಕ್ಸ್‌ರೇ

ರಾಯಚೂರು, ಸಿಂಧನೂರು, ಮಾನ್ವಿ ಕಡೆಯಿಂದ ಹೋಗಿ ಅಮೆರಿಕ, ಇಂಗ್ಲೆಂಡ್, ದುಬೈಗಳಲ್ಲಿ ನೆಲೆಸಿದವರು ರಜೆಗೆ ಬರುವ ಮುಂಚೆ ಫೋನ್ ಮಾಡಿದರೆ ಮೊದಲು ಕೇಳುವುದು ರೇಟು. ಆಮೇಲಿನ ಪ್ರಶ್ನೆ, "ಡಾಕ್ಟ್ರೇ, ಇಪ್ಪತ್ತು ದಿನ ಸೂಟಿ ಐತ್ರಿ, ಅಷ್ಟ್ರಾಗ ಎಲ್ಲಾ ಮುಗಸ್ತೀರೇನ್ರಿ?" ರೇಟು ಹೇಳುವುದು ಸುಲಭ. ಅಮೆರಿಕದಲ್ಲಿ ಒಂದು ಇಂಪ್ಲಾಂಟ್‌ಗೆ (ದವಡೆಯ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸ್ಕ್ರೂ), ಅದರ ಮೇಲೆ ಹಾಕುವ ಹಲ್ಲೂ ಸೇರಿ, ಸಾಮಾನ್ಯವಾಗಿ 3000ದಿಂದ 5000 ಡಾಲರ್ ಆಗುತ್ತದೆ. ನಮ್ಮ ಕಡೆ ಕಂಪನಿ ನೋಡಿಕೊಂಡು 25ರಿಂದ 45 ಸಾವಿರ ರೂಪಾಯಿ. ದವಡೆ ಹಲ್ಲಿನ ರೂಟ್ ಕೆನಾಲ್ ಮತ್ತು ಕ್ಯಾಪ್ ಸೇರಿ ಅಲ್ಲಿ ಎರಡು ಸಾವಿರ ಡಾಲರ್ ದಾಟುವುದು ಮಾಮೂಲು, ಇಲ್ಲಿ 10ರಿಂದ 18 ಸಾವಿರ ರೂಪಾಯಿಯಲ್ಲಿ ಮುಗಿಯುತ್ತದೆ. ಆದರೆ ಇಪ್ಪತ್ತು ದಿನದಲ್ಲಿ ಆಗುತ್ತದೋ ಇಲ್ಲವೋ ಎಂದು ಎಕ್ಸ್‌ರೇ ನೋಡದೆ ಯಾರೂ ಹೇಳಬಾರದು. ಇಂಥವರ ಕೆಲಸ ಕೆಡುವುದು ಹೆಚ್ಚಾಗಿ ದಿನಗಳ ಲೆಕ್ಕ ತಪ್ಪುವುದರಿಂದ. ಒಂದೇ ಒಂದು ಫಿಲ್ಲಿಂಗ್ ಇದ್ದರೆ ಅದಕ್ಕಾಗಿ ವಿಮಾನ ಹತ್ತುವುದು ಬೇಡ, ಅಲ್ಲೇ ಮಾಡಿಸಿಕೊಳ್ಳಿ.

ಟಿಕೆಟ್ ಬುಕ್ ಮಾಡುವ ಮೊದಲು ನಾನು ಮೂರು ವಸ್ತು ತರಿಸಿಕೊಳ್ಳುತ್ತೇನೆ: ಎಲ್ಲ ಹಲ್ಲೂ ದವಡೆಯೂ ಒಟ್ಟಿಗೆ ಕಾಣುವ, ಆರು ತಿಂಗಳೊಳಗಿನ ಓಪಿಜಿ ಎಕ್ಸ್‌ರೇ, ಬಾಯಿಯ ಫೋಟೋಗಳು, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ. ಫೋಟೋವನ್ನು ಕಿಟಕಿಯ ಬೆಳಕಿನಲ್ಲಿ, ಬೇರೊಬ್ಬರ ಕೈಯಿಂದ, ಹಿಂಬದಿಯ ಕ್ಯಾಮೆರಾದಲ್ಲಿ ತೆಗೆಸಬೇಕು. ಎರಡು ಚಮಚದ ಹಿಡಿಕೆಯಿಂದ ಕೆನ್ನೆಗಳನ್ನು ಹಿಂದೆ ಸರಿಸಿ, ಹಲ್ಲು ಕಚ್ಚಿ ಎದುರಿನಿಂದ ಒಂದು, ಎಡದಿಂದ ಒಂದು, ಬಲದಿಂದ ಒಂದು. ಆಮೇಲೆ ಬಾಯಿ ತೆರೆದು ಮೇಲಿನ ಸಾಲು, ಕೆಳಗಿನ ಸಾಲು. ಸೆಲ್ಫಿ ಕೆಲಸಕ್ಕೆ ಬರುವುದಿಲ್ಲ. ಕೆಲವು ಫೋನುಗಳು ಸೆಲ್ಫಿಯಲ್ಲಿ ಎಡವನ್ನು ಬಲ ಮಾಡಿ ತೋರಿಸುತ್ತವೆ.

ಎಡ ಬಲದ ಗೊಂದಲಕ್ಕೆ ಇನ್ನೊಂದು ದೊಡ್ಡ ಕಾರಣ ಹಲ್ಲಿನ ನಂಬರು. ಅಮೆರಿಕದ ದಂತವೈದ್ಯರು ಮೇಲಿನ ಬಲಗಡೆಯ ಬುದ್ಧಿಹಲ್ಲನ್ನು 1 ಎಂದು ಹಿಡಿದು, ಮೇಲಿನ ಸಾಲು ಮುಗಿಸಿ, ಕೆಳಗಿನ ಎಡದಿಂದ ಬಲಕ್ಕೆ ಬಂದು 32ಕ್ಕೆ ನಿಲ್ಲಿಸುತ್ತಾರೆ. ನಾವು ಬಾಯಿಯನ್ನು ನಾಲ್ಕು ಭಾಗ ಮಾಡಿ, ಮೊದಲ ಅಂಕಿ ಭಾಗಕ್ಕೆ, ಎರಡನೆಯದು ನಡುವಿನಿಂದ ಎಷ್ಟನೆಯ ಹಲ್ಲು ಎಂಬುದಕ್ಕೆ ಬರೆಯುತ್ತೇವೆ. ಅಮೆರಿಕದ ರಿಪೋರ್ಟಿನಲ್ಲಿ 14 ಎಂದಿದ್ದರೆ ಅದು ಮೇಲಿನ ಎಡಗಡೆಯ ಮೊದಲ ದವಡೆ ಹಲ್ಲು, ನಮ್ಮ ಲೆಕ್ಕದಲ್ಲಿ 26. ನಮ್ಮ 14 ಎಂದರೆ ಮೇಲಿನ ಬಲಗಡೆ, ಕೋರೆಹಲ್ಲಿನ ಹಿಂದಿನದು. "14 ಕೀಳಬೇಕು" ಎಂಬ ಒಂದು ಸಾಲನ್ನು ನಂಬಿ ಇಕ್ಕಳ ಹಿಡಿದರೆ ಬಾಯಿಯ ಆಚೆ ಬದಿಯ ಒಳ್ಳೆಯ ಹಲ್ಲು ಹೋಗುತ್ತದೆ. ಹಾಗಾಗಿ ಅಲ್ಲಿಂದ ಬಂದ ಚೀಟಿಯ ಪ್ರತಿ ನಂಬರನ್ನೂ ಕನ್ನಡದಲ್ಲಿ "ಮೇಲೆ, ಎಡ, ಮೊದಲ ದವಡೆ" ಎಂದು ಬಿಡಿಸಿ ಬರೆದು ರೋಗಿಯಿಂದ ಒಪ್ಪಿಗೆ ಪಡೆಯುತ್ತೇನೆ. ವಾಪಸ್ ಹೋಗುವಾಗ ಕೊಡುವ ಚೀಟಿಯಲ್ಲಿ ಎರಡೂ ನಂಬರು ಹಾಕುತ್ತೇನೆ.

ಮಾತ್ರೆಗಳ ಪಟ್ಟಿ ಬೇಕಾಗುವುದು ಮುಖ್ಯವಾಗಿ ಇಂಥವರಿಗೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಹಲ್ಲು ಕೀಳಿಸಲೆಂದು ತಾವಾಗಿಯೇ ಅದನ್ನು ನಿಲ್ಲಿಸಿ ಬರಬಾರದು. ಆ ಮಾತ್ರೆ ವಾರ್ಫರಿನ್ ಆಗಿದ್ದರೆ, ರಕ್ತ ಹೆಪ್ಪುಗಟ್ಟುವ ವೇಗ ಹೇಳುವ ಹಿಂದಿನ ದಿನದ ಐಎನ್‌ಆರ್ ರಿಪೋರ್ಟ್ ಸಾಕು, 3.5ರೊಳಗೆ ಇದ್ದರೆ ಸಾಮಾನ್ಯ ಹಲ್ಲು ಕೀಳಲು ಮಾತ್ರೆ ನಿಲ್ಲಿಸುವ ಅಗತ್ಯ ಬೀಳುವುದಿಲ್ಲ. ಮೂಳೆ ಸವೆತಕ್ಕೆಂದು ವರ್ಷಕ್ಕೊಮ್ಮೆ ಜೋಲೆಡ್ರೋನಿಕ್ ಅಥವಾ ಆರು ತಿಂಗಳಿಗೊಮ್ಮೆ ಡೆನೋಸುಮ್ಯಾಬ್ ಇಂಜೆಕ್ಷನ್ ತೆಗೆದುಕೊಳ್ಳುವ ತಾಯಂದಿರು ಅದನ್ನು "ಮಾತ್ರೆ" ಎಂದು ಎಣಿಸದೆ ಹೇಳುವುದನ್ನೇ ಮರೆಯುತ್ತಾರೆ. ಆ ಔಷಧ ಇದ್ದಾಗ ಹಲ್ಲು ಕಿತ್ತ ಜಾಗ ಮಾಯದೆ ದವಡೆಯ ಮೂಳೆ ಸಾಯುವ ಅಪಾಯವಿದೆ. ಅದಕ್ಕೇ ಬಿಡಿಸಿ ಕೇಳುತ್ತೇನೆ. ಸಕ್ಕರೆ ಕಾಯಿಲೆಯವರ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8 ದಾಟಿದ್ದರೆ ಇಂಪ್ಲಾಂಟ್ ಮುಂದಕ್ಕೆ ಹಾಕುತ್ತೇನೆ. ಸಿಗರೇಟು, ಗುಟ್ಕಾ ಬಿಡದವರಿಗೂ ಅದೇ ಮಾತು.

ಈಗ ದಿನಗಳ ಲೆಕ್ಕ. ಮೂರು ವಾರದ ರಜೆಯಲ್ಲಿ ಎರಡು ಮೂರು ರೂಟ್ ಕೆನಾಲ್, ಅವುಗಳ ಮೇಲೆ ಕ್ಯಾಪ್, ಕ್ಲೀನಿಂಗ್, ಫಿಲ್ಲಿಂಗ್‌ಗಳು ಆರಾಮಾಗಿ ಆಗುತ್ತವೆ, ಬಂದ ವಾರದಲ್ಲೇ ಶುರು ಮಾಡಿದರೆ. ಮದುವೆ, ಜಾತ್ರೆ, ಮಂತ್ರಾಲಯ ಎಲ್ಲ ಮುಗಿಸಿ ಕೊನೆಯ ವಾರ ಬಂದರೆ ಆಗುವುದಿಲ್ಲ. ಮೊದಲ ದಿನ ಕ್ಲೀನಿಂಗ್ ಮಾಡಿಬಿಡುತ್ತೇನೆ. ಒಸಡಿನಲ್ಲಿ ರಕ್ತ ಬರುತ್ತಿದ್ದರೆ ಕ್ಯಾಪಿನ ಅಳತೆಯಲ್ಲಿ (ಹಲ್ಲಿನ ಅಚ್ಚಿನಲ್ಲಿ) ಅಂಚು ಮೂಡುವುದಿಲ್ಲ, ಒಸಡು ತಿಳಿಯಾಗಲು ಒಂದು ವಾರ ಬೇಕು. ಆ ವಾರದಲ್ಲಿ ರೂಟ್ ಕೆನಾಲ್ ನಡೆಯುತ್ತದೆ. ಕೀವು, ಬಾವು ಇದ್ದ ಹಲ್ಲಿಗೆ ಒಳಗೆ ಔಷಧ ಇಟ್ಟು ಏಳು ದಿನದ ಮೇಲೆ ಮುಚ್ಚುತ್ತೇನೆ. ಎರಡನೆಯ ವಾರ ಕ್ಯಾಪಿಗೆ ತಕ್ಕಂತೆ ಹಲ್ಲನ್ನು ಸವರಿ ಅಳತೆ. ಪೂರ್ತಿ ಜಿರ್ಕೋನಿಯಾದ (ಲೋಹವಿಲ್ಲದ ಗಟ್ಟಿ ಬಿಳಿ ವಸ್ತು) ಕ್ಯಾಪಿಗೆ ಕಚ್ಚುವ ಮೇಲ್ಮೈಯಲ್ಲಿ 1ರಿಂದ 1.5 ಮಿ.ಮೀ. ಜಾಗ ಬೇಕು, ಲೋಹದ ಮೇಲೆ ಪಿಂಗಾಣಿಯಾದರೆ ಸುಮಾರು 2. ಈ ಜಾಗ ಬಿಡದೆ ಕಳಿಸಿದ ಅಳತೆಗೆ ಲ್ಯಾಬಿನವರು ಕ್ಯಾಪನ್ನು ತೆಳ್ಳಗೆ ಮಾಡಿಕೊಡುತ್ತಾರೆ, ಪಿಂಗಾಣಿ ವರ್ಷದೊಳಗೆ ಕಿತ್ತು ಬರುತ್ತದೆ.

ಅಳತೆಯ ವಿಷಯದಲ್ಲಿ ನಮ್ಮೂರಿನ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಅಚ್ಚು ತೆಗೆಯುವ ಸಿಲಿಕೋನ್ ಪುಟ್ಟಿ ಕಲಸಿ ಬಾಯಿಗೆ ಇಡುವಷ್ಟರಲ್ಲೇ ಗಟ್ಟಿಯಾಗತೊಡಗುತ್ತದೆ, ಹಾಗಾದ ಅಳತೆ ನೋಡಲು ಚೆನ್ನಾಗಿದ್ದರೂ ಕ್ಯಾಪು ಕೂರುವುದಿಲ್ಲ. ಆ ದಿನಗಳಲ್ಲಿ ಪುಟ್ಟಿ ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು ಸ್ವಲ್ಪ ಮುಂಚೆ ಹೊರತೆಗೆದು ಬಳಸುತ್ತೇನೆ. ಲೇಟೆಕ್ಸ್ ಗ್ಲೌಸಿನಲ್ಲಿ ಕಲಸಿದರೆ ಅದರಲ್ಲಿನ ಗಂಧಕ ಪುಟ್ಟಿಯನ್ನು ಗಟ್ಟಿಯಾಗಲು ಬಿಡುವುದಿಲ್ಲ, ಮೇಲ್ಮೈ ಅಂಟಂಟಾಗಿ ಉಳಿಯುತ್ತದೆ. ಹಾಗಾಗಿ ವಿನೈಲ್ ಗ್ಲೌಸ್. ಅಳತೆ ಹೈದರಾಬಾದಿನ ಲ್ಯಾಬಿಗೆ ಹೋಗಿ ಕ್ಯಾಪು ಬರಲು ನಾಲ್ಕೈದು ಕೆಲಸದ ದಿನ ಹಿಡಿಯುತ್ತದೆ. ದಸರಾ, ದೀಪಾವಳಿಯಲ್ಲಿ ಲ್ಯಾಬೂ ಬಂದ್, ಕೊರಿಯರೂ ಬಂದ್. ಆ ವಾರ ಬರುವವರಿಗೆ ಇನ್ನೂ ನಾಲ್ಕು ದಿನ ಸೇರಿಸಿ ಹೇಳುತ್ತೇನೆ.

ಕ್ಯಾಪು ಅಂಟಿಸಿದ ಮರುದಿನ ವಿಮಾನ ಹತ್ತುವುದನ್ನು ನಾನು ಒಪ್ಪುವುದಿಲ್ಲ. ಮರಗಟ್ಟಿದ ಬಾಯಿಯಲ್ಲಿ ಕಚ್ಚು ಸರಿಯಾಗಿ ತಿಳಿಯುವುದಿಲ್ಲ. ಕೂದಲೆಳೆಯಷ್ಟು ಎತ್ತರ ಉಳಿದರೂ ನಾಲ್ಕು ದಿನ ಊಟ ಮಾಡಿದ ಮೇಲೆ ಹಲ್ಲು ಜುಮ್ಮೆನ್ನತೊಡಗುತ್ತದೆ, ಕಚ್ಚಲಾಗದಂತೆ ನೋಯುತ್ತದೆ. ಇಲ್ಲೇ ಇದ್ದರೆ ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದ ಜಾಗ ಸವರಿದರೆ ಐದು ನಿಮಿಷದ ಕೆಲಸ. ಅಲ್ಲಿ ಹೋಗಿ ತೋರಿಸಿದರೆ ಬೇರೆಯವರು ಮಾಡಿದ ಕ್ಯಾಪನ್ನು ಮುಟ್ಟಲು ಹಲವರು ಒಪ್ಪುವುದಿಲ್ಲ. ಅದಕ್ಕೇ ಹೊರಡುವುದಕ್ಕೆ ಐದು ದಿನ ಮುಂಚೆ ಅಂಟಿಸುವ ಕೆಲಸ ಮುಗಿದಿರಬೇಕು, ಆ ಐದು ದಿನ ರೊಟ್ಟಿ, ಚಟ್ನಿಪುಡಿ, ಶೇಂಗಾ ಎಲ್ಲ ತಿಂದು ನೋಡಬೇಕು.

ಇಂಪ್ಲಾಂಟ್‌ಗೆ ಎರಡು ಸಲ ಬರಬೇಕು. ಮೂಳೆ ಟೈಟಾನಿಯಂ ಜೊತೆ ಬೆಸೆಯುತ್ತದೆ ಎಂಬುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ ಕಂಡುಕೊಂಡು 1965ರಲ್ಲಿ ಮೊದಲ ರೋಗಿಗೆ ಕೂರಿಸಿದರು. ಅಂದಿನಿಂದ ಸ್ಕ್ರೂವಿನ ಮೇಲ್ಮೈ, ಆಕಾರ ಎಷ್ಟೋ ಸುಧಾರಿಸಿವೆ, ಆದರೂ ಮೂಳೆ ತನ್ನ ಸಮಯ ತೆಗೆದುಕೊಂಡೇ ತೀರುತ್ತದೆ: ಕೆಳದವಡೆಗೆ ಎರಡರಿಂದ ಮೂರು ತಿಂಗಳು, ಮೇಲ್ದವಡೆಯ ಮೃದು ಮೂಳೆಗೆ ನಾಲ್ಕರ ತನಕ, ಮೂಳೆ ತುಂಬಿಸಿದ್ದರೆ ಆರು. ಕೂರಿಸಿದ ದಿನ ಸ್ಕ್ರೂ ಬಿಗಿಯಾಗಿರುವುದು ಮರದಲ್ಲಿ ಮೊಳೆ ಹಿಡಿದಂತೆ ಬರೀ ಒತ್ತಡದಿಂದ. ಆ ಹಿಡಿತ ದಿನೇ ದಿನೇ ಸಡಿಲಾಗುತ್ತದೆ, ಹೊಸ ಮೂಳೆಯ ಹಿಡಿತ ನಿಧಾನವಾಗಿ ಬರುತ್ತದೆ. ಇವೆರಡರ ನಡುವೆ, ಮೂರನೆಯ ನಾಲ್ಕನೆಯ ವಾರದಲ್ಲಿ, ಇಂಪ್ಲಾಂಟ್ ಅತ್ಯಂತ ದುರ್ಬಲವಾಗಿರುತ್ತದೆ. ರಜೆಗೆ ಬಂದವರು ವಾಪಸ್ ಹೋಗಿ ಕೆಲಸಕ್ಕೆ ಸೇರಿ, ನೋವಿಲ್ಲ ಎಂದು ಆ ಬದಿಯಲ್ಲೇ ಅಗಿಯಲು ಶುರು ಮಾಡುವುದು ಸರಿಯಾಗಿ ಆಗಲೇ. ಕೂರಿಸುವಾಗ 35 ನ್ಯೂಟನ್ ಸೆಂಟಿಮೀಟರ್ ಬಿಗಿ ಸಿಕ್ಕರೆ ಮುಂದಿನ ಹಲ್ಲಿಗೆ, ಅಂದ ಕೆಡಬಾರದೆಂದು, ಕಚ್ಚಿಗೆ ತಾಗದ ತಾತ್ಕಾಲಿಕ ಹಲ್ಲು ಕೊಡಬಹುದು. ದವಡೆ ಹಲ್ಲಿಗೆ ಕಾಯುವುದೇ ಸರಿ. ಜೂನ್, ಜುಲೈನಲ್ಲಿ ಸ್ಕ್ರೂ, ಡಿಸೆಂಬರಿನಲ್ಲಿ ಹಲ್ಲು ಎಂಬುದು ಮಕ್ಕಳ ಶಾಲೆಯ ರಜೆಗೂ ಹೊಂದುತ್ತದೆ.

ಹಲ್ಲನ್ನು ಅಂಟಿಸದೆ ಸ್ಕ್ರೂವಿನಿಂದ ಕೂರಿಸುವ ರೀತಿಯನ್ನೇ ಇವರಿಗೆ ಆರಿಸುತ್ತೇನೆ. ಸಡಿಲಾದರೆ ಯಾವ ದೇಶದ ದಂತವೈದ್ಯರಾದರೂ ಮೇಲಿನ ರಂಧ್ರದ ಫಿಲ್ಲಿಂಗ್ ತೆಗೆದು, ಒಳಗಿನ ಟೆಫ್ಲಾನ್ ಟೇಪ್ ಎಳೆದು, ಮತ್ತೆ ಬಿಗಿ ಮಾಡಬಹುದು. ಅಂಟಿಸಿದ್ದಾದರೆ ಕೊರೆದೇ ತೆಗೆಯಬೇಕು. ಬಿಗಿ ಮಾಡುವ ಚಾವಿ ಮಾತ್ರ ಕಂಪನಿಗೊಂದು. ಕೊರಿಯಾದ ಹಲವು ಕಂಪನಿಗಳದು 1.2 ಮಿ.ಮೀ. ಷಟ್ಕೋನ, ಸ್ವಿಟ್ಜರ್ಲೆಂಡಿನ ಸ್ಟ್ರೌಮನ್‌ನದು ನಕ್ಷತ್ರದಾಕಾರ. ಹೆಸರೇ ಕೇಳದ ಅಗ್ಗದ ಕಂಪನಿಯದು ಹಾಕಿಸಿಕೊಂಡರೆ ಅಲ್ಲಿ ಚಾವಿಯೇ ಸಿಗದೆ ಇಡೀ ಕೆಲಸ ನಿಲ್ಲುತ್ತದೆ. ಸ್ಕ್ರೂವಿನ ಪ್ಯಾಕಿನಲ್ಲಿ ಕಂಪನಿ, ವ್ಯಾಸ, ಉದ್ದ, ಲಾಟ್ ನಂಬರು ಇರುವ ಸ್ಟಿಕ್ಕರ್ ಬರುತ್ತದೆ. ಅದರಲ್ಲೊಂದನ್ನು ನಿಮ್ಮ ಕಡತಕ್ಕೆ ಅಂಟಿಸಿಕೊಡಿ ಎಂದು ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಅಲ್ಲಿ ಮಾಡಿಸಬೇಡಿ.

ನಮ್ಮ ಭಾಗದವರದೇ ಇನ್ನೊಂದು ಸಮಸ್ಯೆ, ಹಲ್ಲಿನ ಕಂದು ಕಲೆ. ರಾಯಚೂರು, ಕೊಪ್ಪಳ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ಮಿತಿಯನ್ನು ದಾಟಿದೆ. ಎಂಟು ವರ್ಷದೊಳಗೆ ಆ ನೀರು ಕುಡಿದು ಬೆಳೆದವರ ಹಲ್ಲು ಹೀಗಾಗುತ್ತದೆ. ಹೊರದೇಶದಲ್ಲಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ನಗಲು ಸಂಕೋಚಪಟ್ಟು, ಮುಂದಿನ ಹತ್ತು ಹಲ್ಲಿಗೂ ಕ್ಯಾಪ್ ಹಾಕಿಬಿಡಿ ಎನ್ನುತ್ತಾರೆ. ಒಂದು ವಾರದ ಪ್ಯಾಕೇಜಿನಲ್ಲಿ ಹಾಗೆ ಮಾಡಿಕೊಡುವವರೂ ಇದ್ದಾರೆ. ಇಪ್ಪತ್ತೈದರ ವಯಸ್ಸಿನ, ಹುಳುಕೇ ಇಲ್ಲದ ಹಲ್ಲನ್ನು ಸುತ್ತಲೂ ಕೊರೆದರೆ ಅದರಲ್ಲಿ ಕೆಲವದರ ನರ ಮುಂದಿನ ವರ್ಷಗಳಲ್ಲಿ ಸಾಯುತ್ತದೆ, ಕ್ಯಾಪಿನ ಮೂಲಕವೇ ರೂಟ್ ಕೆನಾಲ್ ಮಾಡಬೇಕಾಗುತ್ತದೆ. ಇದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ, ಕೊರೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಮೊದಲು ಹೈಡ್ರೋಕ್ಲೋರಿಕ್ ಆಮ್ಲದ ಪೇಸ್ಟಿನಿಂದ ಮೇಲ್ಪದರ ಸವರಿ ನೋಡಬೇಕು, ಹಗುರ ಕಲೆ ಅಷ್ಟಕ್ಕೇ ಹೋಗುತ್ತದೆ. ಆಮೇಲೆ ಬ್ಲೀಚಿಂಗ್. ಉಳಿದ ಜಾಗಕ್ಕೆ ಮಾತ್ರ ಕಾಂಪೊಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಅಥವಾ ವಿನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ). ಬ್ಲೀಚ್ ಆದ ಮೇಲೆ ಎರಡು ವಾರ ಬಿಡಬೇಕು, ಹಲ್ಲಿನೊಳಗೆ ಉಳಿದ ಆಮ್ಲಜನಕ ಅಂಟನ್ನು ಗಟ್ಟಿಯಾಗಲು ಬಿಡುವುದಿಲ್ಲ. ಫ್ಲೋರೈಡ್ ಸೇರಿದ ಮೇಲ್ಪದರ ಆಮ್ಲಕ್ಕೆ ಜಗ್ಗುವುದಿಲ್ಲವಾದ್ದರಿಂದ ಅಂಟಿಸುವ ಮುಂಚೆ ಹಚ್ಚುವ 37 ಶೇಕಡಾ ಫಾಸ್ಫಾರಿಕ್ ಆಮ್ಲವನ್ನು ಮಾಮೂಲಿನ ದುಪ್ಪಟ್ಟು ಹೊತ್ತು ಬಿಡುತ್ತೇನೆ. ಇಲ್ಲದಿದ್ದರೆ ವಿನೀರ್ ಆರು ತಿಂಗಳಲ್ಲಿ ಕೈಗೆ ಬರುತ್ತದೆ. ಹಾಗಾಗಿ ಕಲೆಯ ಕೆಲಸಕ್ಕೆ ಕನಿಷ್ಠ ನಾಲ್ಕು ವಾರ.

ಎಲ್ಲಿ ಮಾಡಿಸಿದರೂ ನೋಡಬೇಕಾದ್ದು: ಗೋಡೆಯ ಮೇಲೆ ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆ, ಖಾಸಗಿ ಆಸ್ಪತ್ರೆಗಳಿಗೆ ಸರ್ಕಾರ ಕೊಡುವ ಕೆಪಿಎಂಇ ಪ್ರಮಾಣಪತ್ರ, ಉಪಕರಣಗಳು ಸೀಲಾದ ಪೌಚಿನಲ್ಲಿದ್ದು, ಅದರ ಗುರುತಿನ ಬಣ್ಣ ಬದಲಾಗಿದ್ದು, ನಿಮ್ಮೆದುರೇ ಹರಿಯುವುದು. ರಾಯಚೂರಿನ ಎರಡು ದಂತ ಕಾಲೇಜು, ಬಳ್ಳಾರಿಯ ಸರ್ಕಾರಿ ದಂತ ಕಾಲೇಜುಗಳಲ್ಲಿ ಖರ್ಚು ಇನ್ನೂ ಕಡಿಮೆ, ಎಲ್ಲ ವಿಭಾಗದ ತಜ್ಞರೂ ಒಂದೇ ಕಡೆ ಸಿಗುತ್ತಾರೆ. ವಿದ್ಯಾರ್ಥಿಗಳ ಕೈಯಲ್ಲಿ ನಡೆಯುವ ಕೆಲಸಕ್ಕೆ ಭೇಟಿಗಳು ಹೆಚ್ಚು, ಊರಲ್ಲೇ ಇರುವ ಅಪ್ಪ ಅಮ್ಮನಿಗೆ ಅದು ಚೆನ್ನಾಗಿ ಒದಗುತ್ತದೆ. ವಿದೇಶಿ ಪಾಸ್‌ಪೋರ್ಟ್ ಆಗಿದ್ದು ಓಸಿಐ ಕಾರ್ಡ್ ಇದ್ದರೆ ಬೇರೆ ವೀಸಾ ಬೇಡ. ಅದಿಲ್ಲದ ಅಳಿಯನೋ ಸೊಸೆಯೋ ಚಿಕಿತ್ಸೆಗೆಂದೇ ಬರುವುದಾದರೆ ಇ-ಮೆಡಿಕಲ್ ವೀಸಾ ಇದೆ.

ವಾಪಸ್ ಪ್ರಯಾಣಕ್ಕೆ ಹಲ್ಲು ಕಿತ್ತ ಮೇಲೆ ಮೂರು ದಿನವಾದರೂ ಬಿಡಿ. ಮೇಲ್ದವಡೆಯಲ್ಲಿ ಸೈನಸ್ (ಮೂಗಿನ ಪಕ್ಕದ ಗಾಳಿಗೂಡು) ಎತ್ತಿ ಮೂಳೆ ತುಂಬಿಸಿದ್ದರೆ ಎರಡು ವಾರ ವಿಮಾನ ಬೇಡ, ಮೂಗು ಜೋರಾಗಿ ಸೀಟುವುದೂ ಬೇಡ. ಅರ್ಧಕ್ಕೆ ನಿಂತ ರೂಟ್ ಕೆನಾಲ್ ಇಟ್ಟುಕೊಂಡು ಹತ್ತಿದರೆ ಮೇಲೆ ಗಾಳಿಯ ಒತ್ತಡ ಇಳಿದಾಗ ಹಲ್ಲು ಸಿಡಿಯುವಂತೆ ನೋಯಬಹುದು. ಹ್ಯಾಂಡ್‌ಬ್ಯಾಗಿನಲ್ಲಿ ಚಿಕಿತ್ಸೆಯ ಮೊದಲಿನ ಮತ್ತು ನಂತರದ ಎಕ್ಸ್‌ರೇ, ಸಿಬಿಸಿಟಿ (ದವಡೆಯ 3ಡಿ ಸ್ಕ್ಯಾನ್) ಇದ್ದರೆ ಅದರ ಮೂಲ ಫೈಲು ಪೆನ್‌ಡ್ರೈವಿನಲ್ಲಿ, ಇಂಪ್ಲಾಂಟ್ ಸ್ಟಿಕ್ಕರು, ಕ್ಯಾಪಿನ ವಸ್ತು ಮತ್ತು ಬಣ್ಣದ ಸಂಖ್ಯೆ ಇರಲಿ. ಬಿಲ್ಲಿನಲ್ಲಿ ಪ್ರತಿ ಹಲ್ಲಿನ ಕೆಲಸ, ತಾರೀಕು, ಮೊತ್ತ ಬೇರೆ ಬೇರೆಯಾಗಿ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಒಟ್ಟು ಮೊತ್ತದ ಒಂದೇ ಸಾಲಿನ ಬಿಲ್ಲಿಗೆ ಅಲ್ಲಿನ ವಿಮಾ ಕಂಪನಿಯಿಂದ ಹಣ ಸಿಗುವುದು ಕಷ್ಟ. ಇಂಪ್ಲಾಂಟ್ ಹಾಕಿಸಿಕೊಂಡವರು ಅಲ್ಲಿ ಹೋದ ಮೇಲೆ ಆರನೆಯ ವಾರದಲ್ಲಿ ಒಂದು ಸಣ್ಣ ಎಕ್ಸ್‌ರೇ ತೆಗೆಸಿ ಕಳಿಸಬೇಕು. ಸ್ಕ್ರೂವಿನ ಸುತ್ತ ಕಪ್ಪು ಗೆರೆ ಕಂಡರೆ ಎರಡನೆಯ ಟಿಕೆಟ್ ಬುಕ್ ಮಾಡದೆ ಮೊದಲು ಮಾತಾಡಿ.