ಬ್ರಿಟನ್‌ನಲ್ಲಿ ಫಿಟ್ಸ್ ಆಪರೇಷನ್ನೇ? ಮಾತಿನ ಪರೀಕ್ಷೆ ಕನ್ನಡದಲ್ಲೂ ಆಗಲಿ

ಎರಡು ಬಗೆಯ ಮಾತ್ರೆ ಸರಿಯಾಗಿ ನುಂಗಿದರೂ ಫಿಟ್ಸ್ ನಿಲ್ಲದಿದ್ದರೆ, ಎನ್‌ಎಚ್‌ಎಸ್‌ನ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ನರರೋಗ ತಜ್ಞರು ನಿಮ್ಮನ್ನು ಶಸ್ತ್ರಚಿಕಿತ್ಸೆಯ ದೊಡ್ಡ ಕೇಂದ್ರಕ್ಕೆ ಕಳಿಸಬಹುದು. ಎಂಆರ್‌ಐಗೆ, ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ವಿಡಿಯೋ ಇಇಜಿಗೆಲ್ಲ ಸುಮ್ಮನೆ ಮಲಗಿದರಾಯಿತು. ಮಾತಿನ ಪರೀಕ್ಷೆಗೆ ಮಾತ್ರ ಕನ್ನಡವೂ ಇರಲಿ ಎಂದು ಮುಂಚೆಯೇ ಬಾಯಿ ಬಿಟ್ಟು ಕೇಳಬೇಕು.

ಯಾಕೆಂದರೆ ಮಿದುಳಿನಲ್ಲಿ ಕತ್ತರಿಸುವ ಜಾಗದಲ್ಲಿ ಮಾತು ಇದೆಯೋ ಇಲ್ಲವೋ ಅವರಿಗೆ ಗೊತ್ತಾಗಬೇಕು. ಮಾಂಟ್ರಿಯಲ್‌ನ ಮಿದುಳು ಸಂಶೋಧಕರಾದ ರಾಸ್ಮುಸೆನ್ ಮತ್ತು ಮಿಲ್ನರ್ 1977ರಲ್ಲಿ ಕೊಟ್ಟ ಲೆಕ್ಕದಂತೆ, ಎಳವೆಯಲ್ಲಿ ಮಿದುಳಿಗೆ ಪೆಟ್ಟಾಗದವರಲ್ಲಿ ಬಲಗೈಯವರ ಪೈಕಿ ಶೇ. 96, ಎಡಚರ ಪೈಕಿ ಶೇ. 70 ಮಂದಿಗೆ ಮಾತು ಎಡಭಾಗದಲ್ಲಿ. ಚಿಕ್ಕಂದಿನಲ್ಲೇ ಎಡಭಾಗ ಕೆಟ್ಟು ಫಿಟ್ಸ್ ಶುರುವಾಗಿದ್ದರೆ ಮಾತು ಬಲಕ್ಕೆ ಗುಳೆ ಹೋಗಿರುವುದುಂಟು. ಕೆಲವರಲ್ಲಿ ಅರ್ಧ ಸಂಸಾರ ಇಲ್ಲಿ, ಅರ್ಧ ಅಲ್ಲಿ. ಎರಡು ಭಾಷೆ ಬಲ್ಲವರಲ್ಲಿ ಜಾಗ ಬಹುಪಾಲು ಒಂದೇ. ಆದರೂ ಮಿದುಳಿನ ಕೆಲವು ಚುಕ್ಕೆಗಳಿಗೆ ಸಣ್ಣ ಕರೆಂಟ್ ಕೊಟ್ಟಾಗ ಒಂದೇ ಭಾಷೆ ತಡವರಿಸುವುದನ್ನು ಸರ್ಜನ್‌ಗಳು ಕಂಡಿದ್ದಾರೆ.

ನಮ್ಮ ನಾದಿನಿಯನ್ನು ಕರೆದೊಯ್ದಾಗ ಬಂದ ದುಭಾಷಿ ಹಿಂದಿಯವರು! ಸರಿ, ಇಂಗ್ಲಿಷಿನಲ್ಲೇ ನಡೆಯಿತು. ಚಿತ್ರ ನೋಡಿ ಹೆಸರು ಹೇಳಬೇಕು. ‘ಜರಡಿ’ ಅಂದಳು ತಟ್ಟನೆ. ‘ಸೀವ್’ ಹೊಳೆಯಲಿಲ್ಲ, ಅಂಕ ಹೋಯಿತು. ಹೆಸರು ಹೊಳೆಯದಿರುವುದು ಎಡ ಟೆಂಪೊರಲ್ ಲೋಬಿನ (ಕಿವಿಯ ಬಳಿಯ ಮಿದುಳಿನ ಭಾಗ) ತೊಂದರೆಯ ಸುಳಿವೂ ಹೌದು. ಅವಳದ್ದು ಅದಲ್ಲ, ಅಡುಗೆಮನೆಯ ಭಾಷೆ ಕನ್ನಡ ಅಷ್ಟೆ.

ಹಾಗಾಗಿ ಅಪಾಯಿಂಟ್‌ಮೆಂಟ್ ಪತ್ರ ಬಂದ ದಿನವೇ ಫೋನ್ ಮಾಡಿ ಕನ್ನಡ ದುಭಾಷಿ ಬೇಕೆನ್ನಿ, ಅಕ್ಷರ ಬಿಡಿಸಿ ಹೇಳಿ. ‘ಕೆನಡಾ’ ಅಂತ ಕೇಳಿಸುತ್ತದೆ ಅವರಿಗೆ. ದುಡ್ಡು ಕೊಡಬೇಕಿಲ್ಲ. ಗಂಡನೋ ಮಗಳೋ ಭಾಷಾಂತರಿಸುವುದು ಬೇಡ. ಪಾಪ, ಪ್ರೀತಿಗೆ ಉತ್ತರವನ್ನೇ ಹೇಳಿಕೊಟ್ಟುಬಿಡುತ್ತಾರೆ. ಯಾವ ಭಾಷೆ ಯಾವ ವಯಸ್ಸಿನಲ್ಲಿ ಬಂತು, ಶಾಲೆ ಯಾವ ಮಾಧ್ಯಮ, ಫಿಟ್ಸ್ ಬಿಟ್ಟಮೇಲೆ ಎಷ್ಟು ಹೊತ್ತಿಗೆ ಯಾವ ಭಾಷೆಯಲ್ಲಿ ಮಾತು ಮರಳುತ್ತದೆ, ಬರೆದುಕೊಂಡು ಹೋಗಿ.

ಜೊತೆಗೆ ಎರಡು ಕಾಗದದ ಕೆಲಸ. ಇಂಗ್ಲೆಂಡಿನಲ್ಲಿ ಫಿಟ್ಸ್‌ಗೆ ನಿತ್ಯ ಮಾತ್ರೆ ತೆಗೆದುಕೊಳ್ಳುವವರು ಜಿಪಿ (ನಿಮ್ಮ ಬಡಾವಣೆಯ ಡಾಕ್ಟರು) ಹತ್ತಿರ ಎಫ್‌ಪಿ92ಎ ಫಾರಂ ಕೇಳಿದರೆ ಮಾತ್ರೆಗಳು ಉಚಿತ. ಕಾರು ಓಡಿಸುವವರು ಕೂಡಲೇ ನಿಲ್ಲಿಸಿ, ಲೈಸೆನ್ಸ್ ಕೊಡುವ ಕಚೇರಿ ಡಿವಿಎಲ್‌ಎಗೆ ತಿಳಿಸಬೇಕು. ಮತ್ತೆ ಓಡಿಸಲು ಸಾಮಾನ್ಯವಾಗಿ 1 ವರ್ಷ ಫಿಟ್ಸ್ ಇಲ್ಲದೆ ಕಳೆಯಬೇಕು.

ಇನ್ನೊಂದು ಮಾತು. ಮಾತಿನ ಜಾಗ ಅಂದಾಜಿಸಲು ‘ಯಾವ ಕೈ?’ ಎಂದು ಕೇಳಿಯೇ ಕೇಳುತ್ತಾರೆ. ಬಲಗೈ ಎನ್ನುವ ಮುಂಚೆ ಊರಿಗೊಂದು ಫೋನ್ ಹಚ್ಚಿ. ನಾದಿನಿಯ ವಿಷಯ ಅತ್ತೆಯನ್ನು ಕೇಳಿದಾಗ, ‘ಅಯ್ಯೋ, ಎಡಗೈಲಿ ಬಳಪ ಹಿಡೀತಿದ್ಲು, ಮೇಷ್ಟ್ರು ಹೊಡೆದು ಬಿಡಿಸಿದ್ರು’ ಎಂದರು.