ಕಾವಲು ಇಲಿಗಳನ್ನು ಇಡುವ ಬಗೆ

ನಮ್ಮ ಪ್ರಾಣಿಗೃಹಕ್ಕೆ ಹೊಸದಾಗಿ ಸೇರಿದ ಸಂಶೋಧನಾ ವಿದ್ಯಾರ್ಥಿಗಳು "ಇಲಿಗಳು ಚೆನ್ನಾಗಿಯೇ ಇವೆಯಲ್ಲ ಮೇಡಂ, ಸೋಂಕಿನ ಪರೀಕ್ಷೆ ಯಾಕೆ?" ಎಂದು ಕೇಳುತ್ತಾರೆ. ಮೈ ಹೊಳೆಯುತ್ತಿರುತ್ತದೆ, ಮರಿಗಳೂ ಆಗುತ್ತಿರುತ್ತವೆ. ಕರುಳಿನಲ್ಲಿ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇದ್ದರೂ ಬಹಳಷ್ಟು ಇಲಿಗಳು ಹೀಗೆಯೇ ಕಾಣುತ್ತವೆ. 1992ರಲ್ಲಿ ಅಮೆರಿಕದ ಫ್ರೆಡರಿಕ್‌ನ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ, ಹೋಲಿಕೆಗೆಂದು ಯಾವ ರಾಸಾಯನಿಕವನ್ನೂ ಕೊಡದೆ ಇಟ್ಟಿದ್ದ ಇಲಿಗಳ ಯಕೃತ್ತಿನಲ್ಲೇ ಉರಿಯೂತ, ಗಡ್ಡೆಗಳು ಕಂಡವು. ಕಾರಣ ಹೆಲಿಕೋಬ್ಯಾಕ್ಟರ್ ಹೆಪಾಟಿಕಸ್. ಹಾಗಾದಾಗ ಪ್ರಯೋಗದ ಫಲಿತಾಂಶವನ್ನು ನಂಬುವುದು ಹೇಗೆ? ಅಷ್ಟು ಜೀವಗಳನ್ನು ಸುಮ್ಮನೆ ಬಲಿಕೊಟ್ಟಂತೆ. ನನ್ನಿಂದ ಅದನ್ನು ಸಹಿಸಲಾಗದು. ಅದಕ್ಕೇ ಕಾವಲು ಇಲಿಗಳು: ಉಳಿದ ಇಲಿಗಳ ಸೋಂಕು ತಮಗೂ ತಗುಲುತ್ತದೆಯೇ ಎಂದು ನೋಡಲೆಂದೇ ಇಡುವ ಇಲಿಗಳು.

ಪ್ರತಿ ರ‍್ಯಾಕ್‌ಗೆ ಒಂದು ಕಾವಲು ಪಂಜರ ಇಡಿ. ಅದರಲ್ಲಿ, ಸೋಂಕಿಲ್ಲವೆಂದು ಪರೀಕ್ಷೆಯಾದ ಕಡೆಯಿಂದ ತಂದ, ನಾಲ್ಕರಿಂದ ಆರು ವಾರದ ಎರಡು ಹೆಣ್ಣು ಇಲಿಗಳಿರಲಿ. ಗಂಡುಗಳು ಕಚ್ಚಾಡುತ್ತವೆ, ಬೇಡ. ಪಂಜರ ಬದಲಿಸುವ ದಿನ ಆ ರ‍್ಯಾಕ್‌ನ ಪ್ರತಿ ಪಂಜರದಿಂದಲೂ ಒಂದು ಚಮಚ ಹಳೆಯ ಭತ್ತದ ಹೊಟ್ಟು ತೆಗೆದು ಕಲಸಿ, ಕಾವಲು ಪಂಜರದ ಹೊಸ ಹೊಟ್ಟಿಗೆ ಸೇರಿಸಿ. ಗೂಡಿನ ಬಳಿಯ ಒಣ ಹೊಟ್ಟಲ್ಲ, ಹಿಕ್ಕೆ ಬಿದ್ದು ಒದ್ದೆಯಾದ ಮೂಲೆಯದು ಬೇಕು. ಒಂದು ರ‍್ಯಾಕ್‌ನ ಚಮಚ ಇನ್ನೊಂದಕ್ಕೆ ಹೋಗಕೂಡದು. ಮೂರು ತಿಂಗಳು ಹೀಗೆ ಮಾಡಿ, ಕಾವಲು ಇಲಿಗಳ ಹಿಕ್ಕೆಯನ್ನು, ರೋಗಾಣುವಿನ ಡಿಎನ್ಎ ಹುಡುಕುವ ಪಿಸಿಆರ್‌ಗೆ ಕಳುಹಿಸಿ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಹಿಕ್ಕೆಯಲ್ಲಿ ಹರಡುವ ಹೆಲಿಕೋಬ್ಯಾಕ್ಟರ್ ಈ ಕ್ರಮದಲ್ಲಿ ಚೆನ್ನಾಗಿ ಸಿಕ್ಕಿಬೀಳುತ್ತದೆ. ಮೂಗು, ಗಂಟಲುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳಾದ ರೋಡೆಂಟಿಬ್ಯಾಕ್ಟರ್ (2017ರವರೆಗೆ ಇದನ್ನು ಪಾಸ್ಚುರೆಲ್ಲಾ ನ್ಯೂಮೋಟ್ರೋಪಿಕಾ ಎನ್ನುತ್ತಿದ್ದರು), ಮೈಕೋಪ್ಲಾಸ್ಮಾ ಪಲ್ಮೋನಿಸ್ ಹೊಟ್ಟಿನ ಮೂಲಕ ಸರಿಯಾಗಿ ದಾಟುವುದಿಲ್ಲ. ಕಾವಲು ಇಲಿಗೆ ಏನೂ ಇಲ್ಲವೆಂದು ವರದಿ ಬಂದರೂ ಕೋಣೆಯಲ್ಲಿ ಅವು ಇರಬಹುದು. ಆದ್ದರಿಂದ ಸಾಕಿದ ಇಲಿಗಳಲ್ಲೇ ಕೆಲವನ್ನು ಆರಿಸಿಕೊಳ್ಳಿ. ಕುತ್ತಿಗೆಯ ಹಿಂದಿನ ಸಡಿಲ ಚರ್ಮ ಹಿಡಿದೆತ್ತಿದರೆ ಇಲಿ ಬಾಯಿ ತೆರೆಯುತ್ತದೆ. ತೆಳುವಾದ ಸ್ವಾಬನ್ನು ಕೆನ್ನೆಯ ಒಳಭಾಗಕ್ಕೂ ನಾಲಿಗೆಗೂ ಮೆಲ್ಲನೆ ಉಜ್ಜಿ. ಕಣ್ಣಿನ ಹಿಂದೆ ಬಾವು, ಉಸಿರಿನಲ್ಲಿ ಕಟಕಟ ಸದ್ದು, ಒಂದು ಬದಿಗೆ ವಾಲಿದ ತಲೆ ಕಂಡ ಇಲಿಯನ್ನು ಮೊದಲು ನೋಡಿ.

ಹೆಲಿಕೋಬ್ಯಾಕ್ಟರ್ ಸಿಕ್ಕಿತೆಂದು ಅಪರೂಪದ ತಳಿಯನ್ನು ಕೈಬಿಡಬೇಕಾಗಿಲ್ಲ. ಹುಟ್ಟಿದ 24 ಗಂಟೆಯೊಳಗೆ ಮರಿಗಳನ್ನು, ಆಗಷ್ಟೇ ಹೆತ್ತ ಸೋಂಕಿಲ್ಲದ ಸಾಕುತಾಯಿಯ ಬಳಿಗೆ ಸೇರಿಸಿ. ಹೆತ್ತ ತಾಯಿಯ ಪಂಜರದ ಒಂದು ಚೂರು ಹೊಟ್ಟೂ ಜೊತೆಗೆ ಬರಬಾರದು, ಕೈಗವಸು ಬದಲಿಸಿಯೇ ಮುಟ್ಟಿ. ಸಾಕುತಾಯಿಯ ಗೂಡಿನ ಹತ್ತಿಯಲ್ಲಿ ಮರಿಗಳನ್ನು ಹೊರಳಿಸಿದರೆ ಅವಳು ಒಪ್ಪಿಕೊಳ್ಳುವ ಸಾಧ್ಯತೆ ಹೆಚ್ಚು. ಮೈಕೋಪ್ಲಾಸ್ಮಾಕ್ಕೆ ಈ ದಾರಿ ಸಾಲದು. ಅದು ಗರ್ಭಕೋಶಕ್ಕೂ ಇಳಿಯುವುದರಿಂದ ಭ್ರೂಣ ವರ್ಗಾವಣೆಯೇ (ಎಳೆಯ ಭ್ರೂಣವನ್ನು ಸೋಂಕಿಲ್ಲದ ಹೆಣ್ಣಿನ ಗರ್ಭಕ್ಕೆ ಸೇರಿಸುವುದು) ಆಗಬೇಕು.

ಮರಿಗಳು ಹಾಲು ಬಿಟ್ಟ ಮೇಲೆ ಅವುಗಳ ಮತ್ತು ಸಾಕುತಾಯಿಯ ಹಿಕ್ಕೆಯನ್ನು ಮತ್ತೆ ಪರೀಕ್ಷಿಸಿ. ವರದಿ ಬರುವವರೆಗೆ ಅವು ಬೇರೆ ಕೋಣೆಯಲ್ಲೇ ಇರಲಿ, ಆ ಕೋಣೆಯ ಕೆಲಸವನ್ನು ದಿನದ ಕೊನೆಗೆ ಇಟ್ಟುಕೊಳ್ಳಿ.