ಗಗನನೌಕೆಯ ಗಾಳಿ ಶುದ್ಧಿ: ಮಾದರಿ ಮಾಡುವಾಗ ಇದ್ದಿಲನ್ನು ಸುಮ್ನೆ ಸುರಿಯಬೇಡಿ

ಬೆಂಗಳೂರಿನ ಶಾಲೆಗಳ ವಿಜ್ಞಾನ ಮೇಳಕ್ಕೆ ತೀರ್ಪುಗಾರಳಾಗಿ ಹೋದಾಗಲೆಲ್ಲ ಗಗನನೌಕೆಯ ಗಾಳಿ ಶುದ್ಧಿ ಮಾಡುವ ಮಾದರಿ ಸಿಗುತ್ತದೆ. ನೋಡಿ ಖುಷಿಯಾಗುತ್ತದೆ. ಆದರೆ ಇದ್ದಿಲನ್ನು ಸುಮ್ನೆ ಸುರಿದಿರುತ್ತಾರೆ, ಗಾಳಿ ಪಕ್ಕದಲ್ಲೇ ನುಸುಳಿ ಹೋಗುತ್ತದೆ.

ಮೊದಲು ಚಾರ್ಟ್ ತಿದ್ದಿ, ಇದು ಕಾರ್ಬನ್ ಡೈಆಕ್ಸೈಡ್ ತೆಗೆಯುತ್ತದೆ ಎಂದು ಬರೆಯಬೇಡಿ. ಅದಕ್ಕೆ ನೌಕೆಯಲ್ಲಿ ಬೇರೆ ಯಂತ್ರವಿದೆ. ಇದ್ದಿಲಿನ ಈ ಯಂತ್ರ ಹಿಡಿಯುವುದು ಮೈಯಿಂದ ಬರುವ ಅಮೋನಿಯಾ, ಅಸಿಟೋನ್, ಪ್ಲಾಸ್ಟಿಕ್ಕು ಅಂಟುಗಳಿಂದ ಒಸರುವ ಆವಿ. ಒಂದೊಂದೂ ಚೂರೇ ಚೂರು. ಆದರೆ ಅಲ್ಲಿ ಕಿಟಕಿ ತೆಗೆಯುವಂತಿಲ್ಲ ಅಲ್ವಾ, ದಿನೇ ದಿನೇ ಸೇರುತ್ತಾ ಹೋಗುತ್ತದೆ.

3 ಇಂಚಿನ ಪಿವಿಸಿ ಪೈಪ್ ತುಂಡು, ಸೊಳ್ಳೆ ಜಾಲರಿ, ಎಸ್‌ಪಿ ರೋಡಿನ 12 ವೋಲ್ಟ್ ಕಂಪ್ಯೂಟರ್ ಫ್ಯಾನ್, ಅಕ್ವೇರಿಯಂ ಅಂಗಡಿಯ ಆಕ್ಟಿವೇಟೆಡ್ ಇದ್ದಿಲು ತನ್ನಿ. ತೆಂಗಿನ ಕರಟದ್ದೇ ಇರಲಿ, ಅಕ್ಕಿಕಾಳಿನ ಗಾತ್ರದ್ದು. ಅದರ ಒಂದು ಗ್ರಾಂ ಒಳಗೆ 500 ಚದರ ಮೀಟರಿಗೂ ಜಾಸ್ತಿ ಮೇಲ್ಮೈ ಅಡಗಿರುತ್ತದೆ. ಇಸ್ತ್ರಿ ಇದ್ದಿಲು ಕುಟ್ಟಿ ಹಾಕಿದರೆ ಇದು ಸಿಗುವುದಿಲ್ಲ. ಸೆಂಟು ಹಾಕಿದ ಇದ್ದಿಲಿನ ಪೊಟ್ಟಣವಂತೂ ಬೇಡವೇ ಬೇಡ. ಅದು ವಾಸನೆಯನ್ನು ಇನ್ನೊಂದು ವಾಸನೆಯಿಂದ ಮುಚ್ಚುತ್ತದೆ ಅಷ್ಟೇ.

ಈಗ ಎಲ್ಲರೂ ಎಡವುವ ಜಾಗ. ಕಪ್ಪು ನೀರು ನಿಲ್ಲುವ ತನಕ ಇದ್ದಿಲು ತೊಳೆಯಿರಿ. ಎರಡು ದಿನ ಚುರುಕು ಬಿಸಿಲಿಗೆ ಹರಡಿ. ಒದ್ದೆ ಉಳಿದರೆ ರಂಧ್ರಗಳಲ್ಲಿ ನೀರೇ ಕೂತಿರುತ್ತದೆ. ಪೈಪಿನ ತಳಕ್ಕೆ ಜಾಲರಿ ಕಟ್ಟಿ ನೆಟ್ಟಗೆ ನಿಲ್ಲಿಸಿ. ಒಂದೊಂದೇ ಚಮಚ ಹಾಕುತ್ತಾ ಪೈಪಿನ ಮೈ ತಟ್ಟಿ. ರಾಗಿ ಅಳೆಯುವಾಗ ಸೇರು ತಟ್ಟುತ್ತಾರಲ್ಲ, ಹಾಗೆ. ಕಾಳು ಕೆಳಗಿಳಿಯುತ್ತದೆ, ಮತ್ತೆ ತುಂಬಿ. ಎರಡೂವರೆ ಇಂಚು ಸಾಕು, ಜಾಸ್ತಿಯಾದರೆ ಫ್ಯಾನಿಗೆ ತಳ್ಳಲಾಗದು. ಮೇಲೊಂದು ಜಾಲರಿ ಒತ್ತಿ ಬಿಗಿಯಿರಿ. ಕಿವಿಯ ಹತ್ತಿರ ಹಿಡಿದು ಅಲುಗಿಸಿ. ಗಲಗಲ ಅಂದರೆ ಬಿಚ್ಚಿ ಮತ್ತೆ ತುಂಬಿ. ಭಾರವೇ ಇಲ್ಲದ ಕಡೆ ಸಡಿಲ ಕಾಳು ತೇಲಾಡುತ್ತದೆ.

ಫ್ಯಾನ್ ಕೂರಿಸಿ, ಸಂದಿಗೆ ಟೇಪ್ ಸುತ್ತಿ. ಫ್ಯಾನಿನ ಮುಂದೆ ಕರ್ಪೂರ ಇಡಿ, ಹಚ್ಚಬೇಡಿ. ಇನ್ನೊಂದು ತುದಿಯಲ್ಲಿ ಮೂಸಿ ನೋಡಿ.

ನಿಜವಾದ ಯಂತ್ರದಲ್ಲಿ ಇದ್ದಿಲಿನ ನಂತರ ಇನ್ನೆರಡು ಹಂತಗಳಿವೆ: ಸುಡುವುದು, ಆಮ್ಲದ ಅನಿಲ ಹೀರುವುದು. ಮಾದರಿಯಲ್ಲಿ ಅವಕ್ಕೆ ಹೆಸರಿನ ಚೀಟಿ ಅಂಟಿಸಿದ ಖಾಲಿ ಡಬ್ಬಿ ಸಾಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅಮೋನಿಯಾ ಹಿಡಿಯಲೆಂದು ಇದ್ದಿಲಿಗೆ ಫಾಸ್ಫಾರಿಕ್ ಆಮ್ಲ ಹೀರಿಸಿರುತ್ತಾರೆ. ಮೀಥೇನ್, ಕಾರ್ಬನ್ ಮೊನಾಕ್ಸೈಡ್ ಇದ್ದಿಲಿಗೆ ಸಿಕ್ಕುವುದಿಲ್ಲ. ಅವನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಲ್ಲೇಡಿಯಂ ವೇಗವರ್ಧಕದ (ತಾನು ಖರ್ಚಾಗದೆ ಕ್ರಿಯೆಯನ್ನು ಬೇಗ ಮಾಡಿಸುವ ವಸ್ತು) ಮೇಲೆ ಹಾಯಿಸಿ ಸುಡುತ್ತಾರೆ. ಇದ್ದಿಲು ದಾಟಿ ಬಂದ ಕ್ಲೋರಿನ್ ಇರುವ ಆವಿ ಅಲ್ಲಿ ಸುಟ್ಟಾಗ ಹುಟ್ಟುವ ಆಮ್ಲದ ಅನಿಲವನ್ನು ಕೊನೆಯ ಹಂತದ ಲಿಥಿಯಂ ಹೈಡ್ರಾಕ್ಸೈಡ್ ಹೀರುತ್ತದೆ. ಅದನ್ನು ಶಾಲೆಗೆ ತರಲೇಬೇಡಿ, ಚರ್ಮ ಸುಡುತ್ತದೆ. ಡಬ್ಬಿಗಳನ್ನು ಹಿಂದುಮುಂದು ಇಡಬೇಡಿ. ಮುಂದೆ ಇದ್ದಿಲು ಇಲ್ಲದಿದ್ದರೆ ಗಂಧಕ, ಕ್ಲೋರಿನ್ ಇರುವ ಆವಿ ತಗುಲಿ ವೇಗವರ್ಧಕವೇ ಕೆಟ್ಟುಹೋಗುತ್ತದೆ.